ನಾನು ಓದು ತಜ್ಞನಾದದ್ದು

ನಲವತ್ತು ದಾಟಿದ ಮೇಲೆ ಮನುಷ್ಯ ಮತ್ತೆ ವಿದ್ಯಾರ್ಥಿಯಾಗಬಾರದು. ಗ್ರಹಚಾರಕ್ಕೆ ಆದರೂ, ಪಾಸಂತೂ ಆಗಬಾರದು. ನಾನು ಎರಡನ್ನೂ ಮಾಡಿಕೊಂಡು ಕೂತಿದ್ದೇನೆ. ಬಂಗಾರಪೇಟೆಯ ನಮ್ಮ ಮನೆಯಲ್ಲಿ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟು ಗೋಡೆಗೆ ನೇತಾಡುತ್ತಿದೆ. ಅದರ ಪ್ರಕಾರ ನಾನು ‘ಓದು ತಜ್ಞ’, ಅಂದರೆ ಓದು ಹತ್ತದ ಮಕ್ಕಳಿಗೆ ಓದು ಹತ್ತಿಸುವುದರಲ್ಲಿ ವಿಶೇಷ ತರಬೇತಿ ಪಡೆದವನು. ಮನೆಗೆ ಬಂದವರು ಅದನ್ನು ನೋಡಿ ಭೇಷ್ ಅನ್ನುತ್ತಾರೆ. ನಾನು ಅದಕ್ಕೆ ಬೆನ್ನು ಹಾಕಿ ಕೂರುತ್ತೇನೆ.

ಕ್ಯಾಸಂಬಳ್ಳಿ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ ನಾನು ಮೇಷ್ಟ್ರು. ಎಂಬತ್ತರ ದಶಕದಲ್ಲಿ ಒಂದು ದಿನ ಸುತ್ತೋಲೆ ಬಂತು. ಪದವೀಧರ ಶಿಕ್ಷಕರಿಗೆ ಒಂದು ವರ್ಷದ ಸ್ನಾತಕೋತ್ತರ ತರಬೇತಿ; ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ, ಬೆಂಗಳೂರಿನಲ್ಲಿ. ಹೆಡ್ಮಾಸ್ಟರು ಕನ್ನಡಕದ ಮೇಲಿಂದ ನಮ್ಮೆಲ್ಲರನ್ನೂ ನೋಡಿದರು. ಒಬ್ಬರು ಮಗಳ ಮದುವೆ ಅಂದರು, ಇನ್ನೊಬ್ಬರು ಮಂಡಿನೋವು ಅಂದರು. ಹಾಳಾದ್ದು, ಆ ಹೊತ್ತಿಗೆ ನನಗೆ ಒಂದು ಕಾಯಿಲೆಯೂ ಹೊಳೆಯಲಿಲ್ಲ. “ನಿಮಗೇನ್ರೀ, ಮನೆ ಸ್ಟೇಷನ್ ಎದುರಿಗೇ ಇದೆ, ಹತ್ತಿದರೆ ಬೆಂಗಳೂರು” ಅಂದರು ಹೆಡ್ಮಾಸ್ಟರು. ಹೀಗೆ ಬಾಡಿಗೆ ಕಡಿಮೆ ಅಂತ ರೈಲಿನ ಸದ್ದಿನಲ್ಲಿ ಮನೆ ಮಾಡಿದ ತಪ್ಪಿಗೆ ನಾನು ವಿದ್ವಾಂಸನಾಗಬೇಕಾಯಿತು.

ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮಗು ಓದುವಾಗ ಕಣ್ಣು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹಾರುತ್ತದೆ, ತಲೆಯೊಳಗೆ ಏನಾಗುತ್ತದೆ ಅಂತ ಪ್ರೊಫೆಸರರು ಗಂಟೆಗಟ್ಟಲೆ ಹೇಳುತ್ತಿದ್ದರು. ನನ್ನ ತಲೆಯೊಳಗೆ ಏನೂ ಆಗುತ್ತಿರಲಿಲ್ಲ. ಕೊಟ್ಟ ನೋಟ್ಸನ್ನು ಪ್ಯಾಸೆಂಜರ್ ರೈಲಿನಲ್ಲಿ ಕಣ್ಣು ಮುಚ್ಚಿ ಉರು ಹೊಡೆಯುತ್ತಿದ್ದೆ. ಎದುರು ಸೀಟಿನಲ್ಲಿ ಇಸ್ಪೀಟು ಆಡುತ್ತಿದ್ದವನೊಬ್ಬ, “ಸ್ವಾಮೇರು ಜಪ ಮಾಡ್ತಾವ್ರೆ, ಗಲಾಟೆ ಮಾಡ್ಬೇಡ್ರಲಾ” ಅಂತ ಗೆಳೆಯರನ್ನು ಗದರಿಸಿದ. ಆ ನೋಟ್ಸಿನಲ್ಲಿ, ಉರು ಹೊಡೆದು ಒಪ್ಪಿಸುವುದು ಓದಲ್ಲ ಎಂಬ ಅರ್ಥದ ಒಂದು ವಾಕ್ಯವೂ ಇತ್ತು. ಅದನ್ನೂ ಉರು ಹೊಡೆದೆ.

ತರಬೇತಿಯ ಕೊನೆಗೆ, ಓದು ಬಾರದ ಒಂದು ಮಗುವಿಗೆ ಓದು ಕಲಿಸಿ ತೋರಿಸಬೇಕಿತ್ತು. ನಾನು ಆರಿಸಿಕೊಂಡದ್ದು ನಾಲ್ಕನೇ ಕ್ಲಾಸಿನ ಮಂಜುಳಳನ್ನು. ಚೂಟಿ ಹುಡುಗಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಮಾತ್ರ ಕತ್ತಲೆ. ಅವಳ ತಾಯಿ ನಾರಾಯಣಮ್ಮ ಮೊದಲೇ ಖಂಡಿತವಾಗಿ ಹೇಳಿದ್ದಳು: “ಓದಾಕ್ ಬರೋಗಂಟ ಕಳಿಸ್ತೀನಿ ಸಾ. ಬಸ್ ಬೋರ್ಡು, ಡೈರಿ ಚೀಟಿ ಓದ್ಕಂಡ್ರೆ ಸಾಕು. ಆಮ್ಯಾಕೆ ಎಮ್ಮೆ ನೋಡ್ಕಳಾಕೆ ನಂಗೆ ಜನ ಬೇಕು.” ನಾನು ಹೂಂ ಅಂದೆ. ಒಂದು ಸಲ ಓದಿನ ರುಚಿ ನಿಜವಾಗಿ ಹತ್ತಿದರೆ ಈ ಹುಡುಗಿ ತಾನೇ ಹಟ ಮಾಡಿ ಹೈಸ್ಕೂಲಿಗೆ ಹೋಗುತ್ತಾಳೆ, ಯಾವ ಎಮ್ಮೆಯೂ ಅವಳನ್ನು ಎಳೆಯಲಾರದು ಅಂತ ನನ್ನ ಮನಸ್ಸಿನಲ್ಲಿತ್ತು.

ನಮ್ಮ ಶಾಲೆಗಳಲ್ಲಿ ಓದಿಸುವ ಪದ್ಧತಿ ನಿಮಗೆ ಗೊತ್ತೇ ಇದೆ. ಮೇಷ್ಟ್ರು ಒಂದು ಸಾಲು ಹೇಳಬೇಕು, ಮಕ್ಕಳೆಲ್ಲ ಒಟ್ಟಾಗಿ ಅದನ್ನೇ ಕೂಗಬೇಕು. ಇಂಗ್ಲಿಷಿನಲ್ಲಿ ಅಷ್ಟೆಲ್ಲ ಕಲಿತ ನಾನೂ ಮಂಜುಳಳನ್ನು ಕೂರಿಸಿಕೊಂಡು ಮಾಡಿದ್ದು ಅದನ್ನೇ. ಸಂತೆಗೆ ಹೋದ ಮೊಲದ ಪಾಠವನ್ನು ನಾನು ಹೇಳಿದೆ, ಅವಳು ಹೇಳಿದಳು. ಜೊತೆಗೆ ಅಕ್ಷರದ ಕೆಳಗೆ ಬೆರಳಿಡುವುದನ್ನು ಕಲಿಸಿದೆ. ಅದೊಂದೇ ತರಬೇತಿಯಿಂದ ಬಂದ ಸುಧಾರಣೆ. ಆರು ತಿಂಗಳಿಗೆ ಹುಡುಗಿ ಬೆರಳಿಟ್ಟುಕೊಂಡು ಗಳಗಳ ಓದಿದಳು. ನನ್ನ ಕಣ್ಣಲ್ಲಿ ನೀರೇ ಬಂತು.

ಪ್ರೊಫೆಸರರು ಪರೀಕ್ಷೆಗೆ ಬರಲು ವಾರವಿತ್ತು. ಮಂಜುಳ ಓದುತ್ತಿದ್ದಾಗ ಕಿಟಕಿಯಿಂದ ಗಾಳಿ ಬೀಸಿ ಹಾಳೆ ಮಗುಚಿಕೊಂಡಿತು. ಅವಳ ಬಾಯಿಯೂ ನಿಲ್ಲಲಿಲ್ಲ, ಬೆರಳೂ ನಿಲ್ಲಲಿಲ್ಲ. ಬೇರೆ ಪಾಠದ ಮೇಲೆ ಬೆರಳಾಡಿಸುತ್ತಾ ಮೊಲವನ್ನು ಸಂತೆಯಿಂದ ಮನೆಗೆ ಕರೆತಂದು ಮುಗಿಸಿಯೇಬಿಟ್ಟಳು. ಅಯ್ಯೋ ದೇವರೇ, ಒಂದಕ್ಷರ ಬರುತ್ತಿರಲಿಲ್ಲ! ಸತ್ಯ ಹೇಳಿದರೆ ನಾನು ಫೇಲು. ಆ ರೈಲು, ಆ ನೋಟ್ಸು, ಇನ್ನೊಂದು ವರ್ಷ. ಪರೀಕ್ಷೆಯ ದಿನ ನಾನು ಮಾಡಿದ್ದು ಇಷ್ಟೇ: ಎಲ್ಲರಿಗಿಂತ ಮುಂಚೆ ಬಂದು ಕಿಟಕಿ ಮುಚ್ಚಿ ಅಗುಳಿ ಹಾಕಿದೆ.

“ನಿನಗೆ ಇಷ್ಟವಾದ ಪಾಠ ಓದು ಮಗು” ಅಂದರು ಪ್ರೊಫೆಸರರು. ಮೊಲ ಸಲೀಸಾಗಿ ಸಂತೆಗೆ ಹೋಗಿ ಬಂತು. ಅವರು ಬಾಗಿಲಲ್ಲಿ ನಿಂತಿದ್ದ ನಾರಾಯಣಮ್ಮನ ಕಡೆ ತಿರುಗಿ, “ನಿಮ್ಮ ಮಗಳು ಚೆನ್ನಾಗಿ ಓದ್ತಾಳಮ್ಮ” ಅಂದು, ಅದನ್ನೇ ಬರೆದುಕೊಂಡರು. ನಾನು ಪಕ್ಕದಲ್ಲಿ ನಗುತ್ತಾ ನಿಂತಿದ್ದೆ.

ಸೋಮವಾರ ಮಂಜುಳ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ನಾನೇ ಅವರ ಮನೆಗೆ ಹೋದೆ. ಹುಡುಗಿ ಎಮ್ಮೆ ಮೈ ತಿಕ್ಕುತ್ತಿದ್ದಳು.

“ನಾರಾಯಣಮ್ಮ, ಅವಳನ್ನ ಸ್ಕೂಲು ಬಿಡಿಸಬೇಡಮ್ಮ. ಅವಳಿಗೆ ಇನ್ನೂ ಓದೋಕೆ ಬರಲ್ಲ.”

“ಇದೇನ್ ಸಾ ಇಂಗಂತೀರ? ಬೆಂಗ್ಳೂರೋರು ಬತ್ತದೆ ಅಂತ ಬರ್ಕಂಡವ್ರಲ್ಲ!”

“ಬಾಯಿಪಾಠ ಒಪ್ಪಿಸಿದ್ದು ಕಣಮ್ಮ. ನನಗೆ ಮೊದಲೇ ಗೊತ್ತಿತ್ತು.”

ಮಂಜುಳ ತಿಕ್ಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆ ಮುಖವನ್ನು ಇವತ್ತಿಗೂ ಮರೆಯಲಾಗಿಲ್ಲ. ನಾರಾಯಣಮ್ಮ ಸಿಟ್ಟೂ ಮಾಡಲಿಲ್ಲ. ಸುಮ್ಮನೆ ಕೇಳಿದಳು: “ಅಂಗಾರೆ ಇಷ್ಟ್ ದಿನ ನೀವು ನನ್ ಮಗೀಗೆ ಏನ್ ಕಲ್ಸಿದ್ರಿ ಸಾ?”

ವಾಪಸು ಬಂದೆ. ಮಂಜುಳ ಮತ್ತೆ ಶಾಲೆಗೆ ಬರಲಿಲ್ಲ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಮೌಖಿಕ ಪರೀಕ್ಷೆ. ಮೂವರು ಕೂತು ಏನೇನೋ ಕೇಳಿದರು, ಎಲ್ಲಕ್ಕೂ ಇಂಗ್ಲಿಷಿನಲ್ಲಿ ಪಟಪಟ ಒಪ್ಪಿಸಿದೆ. ನಾರಾಯಣಮ್ಮ ಕೇಳಿದ್ದನ್ನು ಮಾತ್ರ ಅವರು ಯಾರೂ ಕೇಳಲಿಲ್ಲ. ಫಸ್ಟ್ ಕ್ಲಾಸ್ ಬಂತು.