ಭಾವನಿಗೆ ಬೈಯುವವರು ಬೇಕಾಗಿದ್ದಾರೆ

ನಮ್ಮ ಭಾವ ಬೀಳುವುದನ್ನು ಕಲಿತವರು. ನಗಬೇಡಿ. ನೀವೂ ನಾನೂ ಬಚ್ಚಲಲ್ಲಿ ಜಾರಿ ಬೀಳುತ್ತೇವಲ್ಲ, ಅದಕ್ಕೆ ಗುರು ಬೇಡ, ಪಾಠ ಬೇಡ, ಒಂದು ಸೋಪಿನ ಚೂರು ಸಾಕು. ಭಾವ ಹಾಗಲ್ಲ. ನಲವತ್ತು ದಾಟಿ, ಹೊಟ್ಟೆ ಮುಂದೆ ಬಂದ ಮೇಲೆ, ಕ್ರಮಪ್ರಕಾರ ಗುರುಗಳ ಮುಂದೆ ನಿಂತು ಬೀಳಲು ಕಲಿತರು! ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಎತ್ತಿ ಒಗೆಯುತ್ತಾರೆ. ಒಗೆಯುವುದನ್ನೂ ಕಲಿತಿದ್ದಾರೆ, ಕಲಿತದ್ದು ನನ್ನ ಮೇಲೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಬಸ್ರೂರಿನಲ್ಲಿ. ಬೆಳಿಗ್ಗೆ ಗಂಗೊಳ್ಳಿಯಿಂದ ಮೀನು ತಂದು, ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು, ಹಾರ್ನ್ ಹೊಡೆಯುತ್ತಾ ಮನೆಮನೆಗೆ ಮಾರುವುದು ಅವರ ವ್ಯಾಪಾರ. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮೀನೂ ಕಡಿಮೆ, ಕೆಲಸವೂ ಕಡಿಮೆ. ಬೇರೆಯವರು ಆ ಬಿಡುವಿನಲ್ಲಿ ನಿದ್ದೆ ಮಾಡುತ್ತಾರೆ, ಬಲೆ ರಿಪೇರಿ ಮಾಡುತ್ತಾರೆ, ಬೇಜಾರಾದರೆ ಹೆಂಡತಿಯೊಡನೆ ಜಗಳ ಕಾಯುತ್ತಾರೆ. ನಮ್ಮವರು ತೆಕ್ಕಟ್ಟೆಗೆ ಹೋಗಿ ಕುಸ್ತಿಗೆ ಸೇರಿಕೊಂಡರು.

ಕುಸ್ತಿ ಎಂದರೆ ಮಣ್ಣಿನ ಕುಸ್ತಿಯಲ್ಲ. ಹಗ್ಗ ಕಟ್ಟಿದ ಚೌಕದೊಳಗೆ ಬಣ್ಣಬಣ್ಣದ ಚಡ್ಡಿ ಹಾಕಿಕೊಂಡವರು ಕಿರುಚಿ, ಹಾರಿ, ಒಬ್ಬರನ್ನೊಬ್ಬರು ಬುಡಮೇಲು ಮಾಡಿ ಒಗೆಯುವುದನ್ನು ಟಿವಿಯಲ್ಲಿ ತೋರಿಸುತ್ತಾರಲ್ಲ, ಆ ಕುಸ್ತಿ. ಶಿರೂರಿನ ಒಬ್ಬರು ಮುಂಬೈಯ ಹೋಟೆಲಿನಲ್ಲಿ ದುಡಿಯುತ್ತಾ, ರಜೆ ಸಿಕ್ಕಿದಾಗ ಇಂಥ ಸಣ್ಣಪುಟ್ಟ ಶೋಗಳಲ್ಲಿ ಆಡಿ, ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದಿದ್ದರು. ಎಲ್ಲರಿಗೂ ಅವರು ಮಾಸ್ಟ್ರು. ತೆಕ್ಕಟ್ಟೆಯ ಮುಚ್ಚಿಹೋದ ಗೇರುಬೀಜದ ಕಾರ್ಖಾನೆಯ ಶೆಡ್ಡಿನಲ್ಲಿ ಅವರೇ ರಿಂಗ್ ಕಟ್ಟಿದ್ದರು. ನಾಲ್ಕು ಕಬ್ಬಿಣದ ಕಂಬ, ಕೆಳಗೆ ಹಲಗೆ, ಹಲಗೆಯ ಮೇಲೆ ಹಳೇ ಹಾಸಿಗೆಯ ಸ್ಪಂಜು, ಅದರ ಮೇಲೊಂದು ಟಾರ್ಪಾಲು. ಸುತ್ತಲೂ ಬೋಟಿನ ಹಗ್ಗ, ಹಗ್ಗಕ್ಕೆ ನೀರಿನ ಪೈಪಿನ ಅಂಗಿ.

"ಅದೆಲ್ಲ ಸುಳ್ಳಲ್ದಾ ಭಾವ? ಯಾರ್ ಗೆಲ್ಲುದ್ ಅಂದೇಳಿ ಮೊದ್ಲೇ ಗೊತ್ತಿರ್ತ್ ಅಂಬ್ರ್," ಎಂದು ನಾನು ಕೇಳಿದೆ.

"ಗೆಲ್ಲುದ್ ಸುಳ್ಳ್ ಇರ್ಲಿ ಮಾರಾಯಾ. ಬೀಳುದ್ ಸತ್ಯ. ನಾಟ್ಕ ಅಂದೇಳಿ ಹಲ್ಗೆಗೆ ಗೊತ್ತಿತ್ತಾ?" ಎಂದರು ಭಾವ.

ಅಕ್ಕನಿಗೆ ವಿಷಯ ಗೊತ್ತಾದದ್ದು ಶಬ್ದದಿಂದ. ಭಾವ ಜಗಲಿಯಲ್ಲಿ ಹಾಸಿಗೆ ಹಾಸಿ, ಗದ್ದವನ್ನು ಎದೆಗೆ ಒತ್ತಿಕೊಂಡು, ಧೊಪ್ಪನೆ ಬೆನ್ನ ಮೇಲೆ ಬಿದ್ದು, ಎರಡೂ ಅಂಗೈಯಿಂದ ನೆಲಕ್ಕೆ ಬಡಿಯುತ್ತಿದ್ದರು. ತಲೆ ತಾಗಬಾರದು, ಉಸಿರು ಹೊರಗೆ ಬಿಡಬೇಕು, ಪೆಟ್ಟು ಬೆನ್ನಿಗೆಲ್ಲ ಸಮನಾಗಿ ಹಂಚಿಹೋಗಬೇಕು. ಇದು ಮೊದಲ ಪಾಠ. ಪಕ್ಕದ ಮನೆಯ ಹೆಂಗಸು ತೆಂಗಿನಕಾಯಿ ಬೀಳುತ್ತಿದೆ ಎಂದುಕೊಂಡು ಬುಟ್ಟಿ ಹಿಡಿದುಕೊಂಡೇ ಓಡಿಬಂದರು. ಬಂದವರು ಬಿದ್ದಿದ್ದ ಭಾವನನ್ನು ನೋಡಿ, ಬುಟ್ಟಿಯನ್ನು ನೋಡಿ, ವಾಪಸು ಹೋದರು.

"ನಿಮ್ಗ್ ಮಂಡೆ ಸಮ ಇತ್ತಾ? ಕುತ್ಗಿ ಲಟಕ್ ಅಂದ್ರೆ ಎಂತ ಮಾಡುದ್? ನಿಮ್ಮನ್ ಕೂರ್ಸಿ ಉಣ್ಸುದ್ ಯಾರ್?" ಎಂದು ಅಕ್ಕ ಸೌಟು ಹಿಡಿದುಕೊಂಡು ಕೇಳಿದಳು. ಅವಳು ಅತ್ತದ್ದು ಒಳಗೆ ಹೋದ ಮೇಲೆ. ಅಂದು ಅಲ್ಲೇ ಇದ್ದ ನನಗದು ಕೇಳಿಸಿತು, ಭಾವನಿಗೂ ಕೇಳಿಸಿತು. ಭಾವ ಮುಖ ಸಣ್ಣ ಮಾಡಿಕೊಂಡು ಹಾಸಿಗೆ ಸುತ್ತಿಟ್ಟರು. ಮರುದಿನ ಮತ್ತೆ ಬಿಚ್ಚಿದರು. ಹಟ ಎಂದರೆ ಹಟ!

ಇನ್ನು ನನ್ನ ಗತಿ ಕೇಳಿ. ನನ್ನದು ಬ್ರಹ್ಮಾವರದಲ್ಲಿ ಕನ್ನಡಕದ ಅಂಗಡಿ. ದೇವರು ನನಗೆ ಕೊಟ್ಟದ್ದು ಇಷ್ಟೇ ಇಷ್ಟು ಮೈ. ಭಾನುವಾರ ಅಂಗಡಿಗೆ ರಜೆ ಎಂಬ ಒಂದೇ ತಪ್ಪಿಗೆ ಭಾವ ನನ್ನನ್ನು ಬೈಕಿನ ಹಿಂದೆ, ಮೀನಿನ ಪೆಟ್ಟಿಗೆಯ ಜಾಗದಲ್ಲಿ ಕೂರಿಸಿಕೊಂಡು ಶೆಡ್ಡಿಗೆ ಕರೆದೊಯ್ಯತೊಡಗಿದರು. ಎತ್ತಿ ಅಭ್ಯಾಸ ಮಾಡಲು ಹಗುರದ ಜನ ಬೇಕಂತೆ!

ಮೊದಲ ಸಲ ಅವರು ನನ್ನನ್ನು ಅಡ್ಡಡ್ಡಲಾಗಿ ಎತ್ತಿ ಭುಜದ ಮೇಲಕ್ಕೆ ತಂದಾಗ ಶೆಡ್ಡಿನ ಶೀಟು ನನ್ನ ಮೂಗಿನ ಹತ್ತಿರ ಇತ್ತು. ಮಳೆ ಅದರ ಮೇಲೆ ಬಡಬಡ ಹೊಡೆಯುತ್ತಿತ್ತು. ಕನ್ನಡಕ ಮೊದಲೇ ತೆಗೆದಿಟ್ಟಿದ್ದರಿಂದ ಕೆಳಗೆ ಏನಿದೆ ಎಂಬುದೇ ಕಾಣಿಸುತ್ತಿರಲಿಲ್ಲ. ಭಾವನ ತೋಳು ನಡುಗುತ್ತಿತ್ತು. ಆ ನಡುಕ ನನ್ನ ಹೊಟ್ಟೆಯವರೆಗೂ ಬಂತು.

"ಹೆದ್ರಿಕಿ ಆತಾ?" ಎಂದು ಭಾವ ಕೆಳಗಿನಿಂದ ಕೇಳಿದರು.

"ಆತ್ ಭಾವ. ಕೆಳ್ಗ್ ಬಿಡಿ."

"ನಂಗೂ ಆತ್ ಮಾರಾಯಾ."

ಎತ್ತಿಕೊಂಡವನೇ ಹೀಗೆ ಹೇಳಿದರೆ ಮೇಲಿದ್ದವನು ಯಾವ ದೇವರನ್ನು ಕರೆಯಬೇಕು ಹೇಳಿ? ನನಗೆ ಎಲ್ಲ ದೇವರ ಹೆಸರೂ ಮರೆತುಹೋಯಿತು. ಅಷ್ಟರಲ್ಲಿ ಮಾಸ್ಟ್ರು ಬಂದು ನನ್ನ ತಲೆಯ ಕೆಳಗೆ ಕೈ ಕೊಟ್ಟು, "ಅರೇ, ಅವ್ನ್ ಕುತ್ಗಿ ಈಗ ನಿನ್ ಕುತ್ಗಿ. ನಿನ್ ಕುತ್ಗಿ ಆರೆ ಹೀಂಗ್ ಎತ್ತುತ್ಯಾ? ಹಿಡಿ ಸಮ!" ಎಂದು ಗದರಿದರು. ಆ ದಿನ ನನಗೆ ಗೊತ್ತಾಯಿತು: ಈ ಆಟದಲ್ಲಿ ಒಗೆಯುವವನ ಕೆಲಸ ಒಗೆಸಿಕೊಳ್ಳುವವನನ್ನು ಕಾಯುವುದು. ಕಾಯುತ್ತಿದ್ದೇನೆ ಎಂಬುದು ನೋಡುವವರಿಗೆ ಕಾಣಿಸಬಾರದು. ಭಾವ ಅದನ್ನು ಎಷ್ಟು ಶ್ರದ್ಧೆಯಿಂದ ಕಲಿತರೆಂದರೆ, ದೀಪಾವಳಿ ಹೊತ್ತಿಗೆ ನಾನು ಹಲಗೆಯ ಮೇಲೆ ಬಿದ್ದು ಎದ್ದು ಚಹಾ ಕುಡಿಯುವ ಹಾಗಾಯಿತು. ಸೊಂಟ ನೋವು ಮಾತ್ರ ಇವತ್ತಿಗೂ ಇದೆ, ಅದು ಬೇರೆ ಮಾತು.

ಬೀಳಲು ಬಂತು, ಒಗೆಯಲು ಬಂತು. ತೊಂದರೆ ಶುರುವಾದದ್ದು ಆಮೇಲೆ. ಮಾಸ್ಟ್ರು ಭಾವನ ಮೀಸೆ, ಹೊಟ್ಟೆ, ಗಂಟಲು ಎಲ್ಲ ನೋಡಿ, "ನೀನ್ ಖಳನಾಯಕ" ಎಂದುಬಿಟ್ಟರು. ಇಂಥ ಕುಸ್ತಿಯಲ್ಲಿ ಒಬ್ಬ ಒಳ್ಳೆಯವನು, ಒಬ್ಬ ಕೆಟ್ಟವನು. ಒಳ್ಳೆಯವನಿಗೆ ಚಪ್ಪಾಳೆ. ಕೆಟ್ಟವನು ಬೈಸಿಕೊಳ್ಳಬೇಕು. ಜನ ಕುರ್ಚಿ ಬಿಟ್ಟೆದ್ದು ಬೈದರೆ ಅವನು ಗೆದ್ದ ಲೆಕ್ಕ, ಸೋತರೂ!

ಭಾವನಿಗೆ ಬೈಯುವವರು ಯಾರು ಸ್ವಾಮಿ? ಹೆಂಗಸರು ಮೀನಿನ ಕಿವಿರು ಎತ್ತಿ ನೋಡಿ, "ಇದ್ ನಿನ್ನೆದ್ದ್" ಎಂದರೂ, "ಹ್ವಾಯ್, ಬೇಡ್ದಿದ್ರೆ ಬಿಡಿ, ನಾಳೆ ಒಳ್ಳೇದ್ ತತ್ತೆ" ಎಂದು ನಗುವ ಜನ ಅವರು. ಶೆಡ್ಡಿನಲ್ಲಿ ಎದುರಾಳಿಗೆ, "ನಿನ್ನ್ ಚಟ್ನಿ ಮಾಡ್ತೆ!" ಎಂದು ಗುಡುಗಿ, ಮರುಕ್ಷಣವೇ ತಗ್ಗಿದ ದನಿಯಲ್ಲಿ, "ಬೇಜಾರ್ ಮಾಡ್ಕಣ್ಬೇಡ, ಹಾಂ?" ಎನ್ನುತ್ತಿದ್ದರು. ಮಾಸ್ಟ್ರು ಹಣೆ ಬಡಿದುಕೊಂಡು, ದಿನವಿಡೀ ಮುಖ ಗಂಟು ಹಾಕಿಕೊಂಡು ತಿರುಗುವ ಅಭ್ಯಾಸ ಮಾಡು ಎಂದರು. ಭಾವ ಹಾಗೆಯೇ ಬಸ್ರೂರಿನಲ್ಲೆಲ್ಲ ಮೀನು ಮಾರಿದರು. ಮೂರನೇ ಮನೆಯವರು ಹಲ್ಲುನೋವೆಂದು ಲವಂಗ ಕೊಟ್ಟರು. ಐದನೇ ಮನೆಯವರು ಕೂರಿಸಿ ಗಂಜಿ ಬಡಿಸಿದರು.

ಬೈಂದೂರಿನ ಮೈದಾನದಲ್ಲಿ ಮೊದಲ ಶೋ ಎಂದು ನಿಶ್ಚಯವಾಯಿತು. ಮಾಸ್ಟ್ರು ಭಾವನನ್ನು ಬದಿಗೆ ಕರೆದು ಮಾತು ಮುಗಿಸಿದರು. ಈ ಶೋದಲ್ಲಿ ಜನ ಬೈದರೆ ಸರಿ, ಇಲ್ಲದಿದ್ದರೆ ಮುಂದೆ ರಿಂಗಿಗೆ ಕಾಲಿಡುವುದು ಬೇಡ. ನೋಡಲು ಬಂದವರು ನಕ್ಕುಬಿಟ್ಟರೆ ಮಾಸ್ಟ್ರ ಇಡೀ ತಂಡವೇ ನಗೆಪಾಟಲು. ಭಾವನ ಜಾಗಕ್ಕೆ ಬ್ರಹ್ಮಾವರದ ಒಬ್ಬ ಕಾದು ನಿಂತಿದ್ದ. ಅವನನ್ನು ನಾನು ಬಲ್ಲೆ. ನನ್ನ ಅಂಗಡಿಯಲ್ಲಿ ಫ್ರೇಮು ಚೌಕಾಸಿ ಮಾಡುವಾಗಲೇ ಅವನನ್ನು ಬೈಯಬೇಕೆಂದು ನನಗೆ ಅನಿಸುತ್ತದೆ. ದೈವದತ್ತ ಪ್ರತಿಭೆ!

ಇದನ್ನು ನಾನು ಅಕ್ಕನಿಗೆ ಹೇಳಿದೆ. ಅವಳ ಮುಖ ಎಷ್ಟೋ ತಿಂಗಳ ಮೇಲೆ ಅರಳಿತು. "ಒಬ್ರೂ ಬೈಯ್ದೆ ಇರ್ಲಿ ದೇವ್ರೇ. ಇವ್ರ್ ಇಡೀ ಮೈಯಂಗೆ ಮನಿಗ್ ಬರ್ಲಿ," ಎಂದು ಅಲ್ಲೇ ಕೈಮುಗಿದು ಹರಕೆ ಹೇಳಿಕೊಂಡಳು. ಶೋಗೆ ಬರುತ್ತೇನೆ ಎಂದದ್ದೂ ಆಗಲೇ. ಕಣ್ಣಾರೆ ನೋಡಿ, ಈ ಹುಚ್ಚು ಬಿಟ್ಟುಹೋದದ್ದನ್ನು ಖಾತ್ರಿ ಮಾಡಿಕೊಂಡು, ಗಂಡನನ್ನು ಕರೆದುಕೊಂಡು ಹೋಗಲು.

ಶೋ ದಿನ ಮಧ್ಯಾಹ್ನ ಭಾವನಿಗೆ ಊಟ ಸೇರಲಿಲ್ಲ. ಕಪ್ಪು ಚಡ್ಡಿ ಹಾಕಿಕೊಂಡು ಟಾರ್ಪಾಲಿನ ಮರೆಯಲ್ಲಿ ಕೂತಿದ್ದರು. "ಹುಟ್ದಲ್ಲಿಂದ ಎಲ್ರಿಗೂ ಹ್ವಾಯ್ ಹ್ವಾಯ್ ಅಂದೇಳಿ ಮೀನ್ ಕೊಟ್ಟದ್ದೇ ಆಯ್ತ್ ಮಾರಾಯಾ. ಒಂದ್ ಸಲ ಜನ ನನ್ನ್ ಕಂಡ್ ಗದ್ಲ ಮಾಡ್ಕ್ ಅಂದೇಳಿ ಆಸೆ. ಬೇರೆಂತ ಇಲ್ಲೆ," ಎಂದರು.

ಸಂಜೆ ನಾಲ್ಕಕ್ಕೆ ಮೈದಾನ ತುಂಬಿತು. ತುಂಬಿದ್ದು ಯಾರಿಂದ ಅಂತೀರಿ? ಬಸ್ರೂರಿನ ಗಿರಾಕಿಗಳೆಲ್ಲ ವ್ಯಾನು ಮಾಡಿಕೊಂಡು ಬಂದುಬಿಟ್ಟಿದ್ದರು! ಮೊದಲು ಒಳ್ಳೆಯವನು ಬಂದ. ಅವನು ತೆಕ್ಕಟ್ಟೆಯ ಸಲೂನಿನ ಹುಡುಗ, ನೀಲಿ ಚಡ್ಡಿ, ನಗುಮುಖ, ಚಪ್ಪಾಳೆ. ಆಮೇಲೆ ಡೋಲು ಬಡಿದರು. ಭಾವ ಕಣ್ಣು ಕೆಂಪು ಮಾಡಿಕೊಂಡು, ತೊಡೆ ತಟ್ಟುತ್ತಾ ರಿಂಗು ಹತ್ತಿದರು.

"ಹ್ವಾಯ್, ನಾಳೆ ಬಂಗ್ಡೆ ಮೀನ್ ಇತ್ತಾ?" ಎಂದು ಒಬ್ಬರು ಮುಂದಿನ ಸಾಲಿನಿಂದ ಕೇಳಿದರು.

"ಇತ್ತ್, ಇತ್ತ್," ಎಂದುಬಿಟ್ಟರು ಭಾವ.

ಮೈದಾನಕ್ಕೆ ಮೈದಾನವೇ ನಕ್ಕಿತು. ಭಾವ ಮೈಕು ಕಸಿದುಕೊಂಡು, "ಬಸ್ರೂರಿನರಿಗ್ ಮೀನ್ ಸಾರ್ ಮಾಡೂಕೇ ಬತ್ತಿಲ್ಲೆ!" ಎಂದು ಅಬ್ಬರಿಸಿದರು. ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಆದರೆ ವ್ಯಾನಿನ ಗುಂಪಿನಿಂದ ಒಬ್ಬ ಅಜ್ಜಿ, "ನೀ ಕೊಟ್ಟ ಮೀನಿಗ್ ಅಷ್ಟೇ ರುಚಿ ಬಪ್ದ್ ಮಗಾ," ಎಂದು ಪ್ರೀತಿಯಿಂದಲೇ ಕೂಗಿದರು. ಮತ್ತೆ ನಗು. ಕೆಲವರು ಭಾವನ ಹೆಸರು ಹಿಡಿದು ಚಪ್ಪಾಳೆ ಬೇರೆ ತಟ್ಟಿದರು.

ಮಾಸ್ಟ್ರು ರಿಂಗಿನ ಮೂಲೆಯಲ್ಲಿ ತಲೆ ತಗ್ಗಿಸಿದರು. ಸಲೂನಿನ ಹುಡುಗ ಏನು ಮಾಡುವುದೆಂದು ತಿಳಿಯದೆ ನಿಂತ. ಭಾವ ಹಗ್ಗ ಹಿಡಿದುಕೊಂಡು ನಮ್ಮ ಕಡೆ ತಿರುಗಿದರು. ಅವರ ಮೀಸೆ ಅದುರುತ್ತಿತ್ತು. ಕಣ್ಣಿನ ಕೆಂಪು ಈಗ ಸಿಟ್ಟಿನದಾಗಿರಲಿಲ್ಲ. ಮಳೆಗಾಲ ಇಡೀ ಶಾಪ ಹಾಕಿದವನು ನಾನು. ಆದರೂ ಆ ಹೊತ್ತಿಗೆ ಯಾರಾದರೂ ಒಬ್ಬರು ಬೈಯಲಿ, ಒಂದು ಕಲ್ಲಾದರೂ ಹೊಡೆಯಲಿ ಎಂದು ನನಗೆ ಅನ್ನಿಸಿತು. ನಾನೇ ಬೈಯೋಣವೆಂದರೆ ನನ್ನ ಗಂಟಲಿನಿಂದ ಗಾಳಿ ಮಾತ್ರ ಬಂತು.

ಪಕ್ಕದಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅವಳು ಬೇಡಿಕೊಂಡದ್ದು ಅವಳ ಕಣ್ಣೆದುರೇ ನಡೆಯುತ್ತಿತ್ತು. ಇನ್ನೊಂದು ಗಳಿಗೆ ಸುಮ್ಮನೆ ಕೂತಿದ್ದರೆ ಸಾಕು, ಗಂಡ ಕೈಕಾಲು ನೆಟ್ಟಗಿದ್ದು ಮನೆಗೆ ಬರುತ್ತಿದ್ದರು. ಆಮೇಲೆ ಜನ್ಮದಲ್ಲಿ ಹಾಸಿಗೆ ಬಿಚ್ಚುತ್ತಿರಲಿಲ್ಲ.

ಅಕ್ಕ ಎದ್ದು ನಿಂತಳು.

"ಥೂ! ನಾಚ್ಕಿ ಆತಿಲ್ಯಾ ನಿಂಗೆ? ಅಷ್ಟ್ ಸಣ್ಣ್ ಮಾಣಿಗ್ ಹೊಡೂಕ್ ಬಂದಿದ್ಯಲ್ಲಾ! ನಿನ್ನ್ ಬಾಯಿಗ್ ಮಣ್ಣ್ ಹಾಕ!"

ಮೈದಾನ ಗಪ್‌ಚಿಪ್ಪಾಯಿತು. ಮದುವೆಯಾದಾಗಿನಿಂದ ಗಂಡನಿಗೆ ನಾಲ್ಕು ಜನರ ಮುಂದೆ ಒಂದು ಗಟ್ಟಿ ಮಾತು ಆಡದವಳು! ಅವಳ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ಭಾವ ಒಂದು ಕ್ಷಣ ಬಾಯಿ ತೆರೆದು ನಿಂತರು. ಆಮೇಲೆ ಏನಾಯಿತೋ, ಮೀಸೆ ತಿರುವಿ, ಅವಳತ್ತ ಬೆರಳು ತೋರಿಸಿ, ಮೈಕಿನಲ್ಲಿ ಗರ್ಜಿಸಿದರು:

"ಬಾಯ್ ಮುಚ್ಚ್ಕಂಡ್ ಕೂಕಣೇ!"

ಮುಗಿಯಿತು! ಹೆಂಗಸರ ಸಾಲಿಗೆ ಸಾಲೇ ಎದ್ದಿತು. "ಹೆಂಡ್ತಿಗೇ ಹೀಂಗ್ ಹೇಳ್ತಾ ಈ ಮನ್ಷ?" ಎಂದರು ಒಬ್ಬರು. "ಮನಿಯಂಗ್ ಹ್ಯಾಂಗಿರ್ಕ್ ಇವ!" ಎಂದರು ಇನ್ನೊಬ್ಬರು. ಅದೇ ಪ್ರೀತಿಯ ಅಜ್ಜಿ ಚಪ್ಪಲಿಯನ್ನೇ ಎಸೆದರು. ಗಂಡಸರು ಕುರ್ಚಿ ಬಡಿದರು, ಹುಯಿಲೆಬ್ಬಿಸಿದರು. ಬೈಂದೂರಿನ ಜನರಂತೂ ಗುರುತು ಪರಿಚಯ ಇಲ್ಲದೆಯೂ ಮನಸಾರೆ ಬೈದರು. ಮಾಸ್ಟ್ರು ತಲೆ ಎತ್ತಿದರು.

ಕುಸ್ತಿ ಶುರುವಾಯಿತು. ಒಂದೊಂದು ಸಲ ಭಾವ ಹಲಗೆಗೆ ಬಿದ್ದಾಗಲೂ ಅಕ್ಕನ ಉಗುರು ನನ್ನ ತೋಳಿನಲ್ಲಿ. ಕೊನೆಗೆ ಹುಡುಗ ಮೇಲಿನ ಹಗ್ಗದ ಮೇಲೆ ನಿಂತು ಭಾವನ ಮೇಲೆ ಹಾರಿದ. ಭಾವ ಅವನನ್ನು ಎದೆಯಲ್ಲಿ ಹಿಡಿದುಕೊಂಡೇ ಧಡಾರನೆ ಬೆನ್ನ ಮೇಲೆ ಬಿದ್ದರು. ಮಾಸ್ಟ್ರು ಒಂದು, ಎರಡು, ಮೂರು ಎಂದು ಹಲಗೆ ಬಡಿದು ಹುಡುಗ ಗೆದ್ದನೆಂದರು. ಹುಡುಗ ಎದ್ದ. ಭಾವ ಏಳಲಿಲ್ಲ. ಸೋತವನು ಸ್ವಲ್ಪ ಹೊತ್ತು ಮಲಗಿರಬೇಕೆಂದು ನನಗೆ ಗೊತ್ತು. ಆದರೆ ಎಷ್ಟು ಹೊತ್ತು? ಅಕ್ಕ ಕಣ್ಣು ಮುಚ್ಚಿಕೊಂಡು, "ಎದ್ರಾ? ಎದ್ರಾ?" ಎಂದು ಕೇಳುತ್ತಲೇ ಇದ್ದಳು. ಕಡೆಗೆ ಭಾವ ಹೊರಳಿ, ಹಗ್ಗ ಹಿಡಿದುಕೊಂಡು ಎದ್ದು, ಜನರಿಗೆಲ್ಲ ಹಲ್ಲು ಕಡಿದು ತೋರಿಸಿದರು. ಊರೆಲ್ಲ ಮತ್ತೆ ಬೈಯಿತು. "ಎದ್ರ್," ಎಂದೆ ನಾನು.

ಟಾರ್ಪಾಲಿನ ಮರೆಗೆ ನಾವು ಹೋದಾಗ ಭಾವ ಕವುಚಿಟ್ಟ ಬಕೆಟಿನ ಮೇಲೆ ಕೂತು, ಬೆನ್ನಿಗೆ ಐಸು ಇಟ್ಟುಕೊಂಡಿದ್ದರು. ಅಕ್ಕ ಅವರ ಮುಖ ನೋಡಲಾರದೆ ಟಾರ್ಪಾಲಿನ ಹಗ್ಗ ಎಳೆಯುತ್ತಾ ನಿಂತಳು.

"ನಿಂಗ್ ಇದ್ ಬ್ಯಾಡ ಇದ್ದಿತಲ್ಲ, ಮತ್ತ್ ಎಂತಕೆ ಬೈದ್ದ್?" ಎಂದರು ಭಾವ.

"ಅಲ್ಲ್ ನಿಂತ್ಕಂಡ ನಿಮ್ಮ್ ಮುಖ ಕಾಂಬುಕ್ ಆಯ್ಲಿಲ್ಲೆ."

ಭಾವ ನೆಲ ನೋಡುತ್ತಾ, "ಮುಂದಿನ್ ಶೋಗೂ ಬತ್ಯಾ?" ಎಂದು ಕೇಳಿದರು.

ಅಕ್ಕ ಐಸನ್ನು ಅವರ ಕೈಯಿಂದ ತೆಗೆದುಕೊಂಡು, ಬೆನ್ನಿನ ಕೆಂಪಾದ ಜಾಗ ಹುಡುಕಿ ಮೆತ್ತಗೆ ಒತ್ತಿದಳು.

"ಬರ್ದೆ? ನಾನಲ್ದೆ ನಿಮ್ಗ್ ಬೈವರ್ ಬೇರೆ ಯಾರಿದ್ರ್?"