ಬರೇ ಮಾತಾಡೋ ಫೋನು

ಮನೆಯಲ್ಲಿ ಲ್ಯಾಂಡ್‌ಲೈನ್ ಇಟ್ಟುಕೊಂಡವರು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಅದೇ ಬಾಗಿಲಿಗೆ ಬರುತ್ತದೆ. ನಾನು ಜೊಯಿಡಾದಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು. ನಮ್ಮ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ದಾಂಡೇಲಿಯ ಗಿರಾಕಿಗಳೆಲ್ಲ ಆರ್ಡರ್ ಹೇಳುವುದು ಲ್ಯಾಂಡ್‌ಲೈನಿಗೇ. ಆ ನಂಬರ್ ಹೋದರೆ ನನ್ನ ಹೊಟ್ಟೆಪಾಡೂ ಹೋಯಿತು.

ವಿಚಿತ್ರ ಗಿರಾಕಿ

ತಾಮ್ರದ ತಂತಿ ಕಿತ್ತು ಡಿಜಿಟಲ್ ಲೈನು ಎಳೆಯುತ್ತೇವೆ ಎಂದು ಫೋನ್ ಕಂಪನಿಯಿಂದ ಒಬ್ಬ ಬಂದ.

"ಇಂಟರ್ನೆಟ್ ಯಾವ ಪ್ಲಾನ್ ಹಾಕ್ಲಿರಿ?"

"ಇಂಟರ್ನೆಟ್ ಬ್ಯಾಡ. ಬರೇ ಫೋನ್ ಸಾಕು."

"ಬರೇ ಫೋನ್ ತಗೊಂಡು ಏನ್ ಮಾಡ್ತೀರಿ?"

"ಮಾತಾಡ್ತೇನಿ."

"ಮಾತಾಡಿ ಆದಮ್ಯಾಲ?"

"ಕೆಳಗ ಇಡ್ತೇನಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ತನ್ನ ಮೊಬೈಲು ತೆಗೆದ, ಸಿಗ್ನಲ್ ಇರಲಿಲ್ಲ. ಕಡೆಗೆ ನನ್ನ ಲ್ಯಾಂಡ್‌ಲೈನನ್ನೇ ಎತ್ತಿ ಮೇಲಿನವರಿಗೆ ವರದಿ ಒಪ್ಪಿಸಿದ: "ಸರ್, ಇಲ್ಲೊಬ್ರು ಫೋನಿನ್ಯಾಗ ಮಾತಾಡ್ತಾರಂತ್ರಿ!"

ಪಾಸ್‌ವರ್ಡ್

ಅಂತೂ ಇಂಟರ್ನೆಟ್ ಇಲ್ಲದ ಹೊಸ ಫೋನು ಬಂತು. ಜತೆಗೆ ಮಿಣಮಿಣ ಹಸಿರು ದೀಪದ ಡಬ್ಬಿಯೊಂದು ಗೋಡೆಗೇರಿತು. ಅದನ್ನು ಕಂಡದ್ದೇ ತಡ, ಪಕ್ಕದ ಮನೆಯಾಕೆ ಪಾಸ್‌ವರ್ಡ್ ಕೇಳಿದಳು. ಇದರಲ್ಲಿ ಇಂಟರ್ನೆಟ್ ಇಲ್ಲವೆಂದರೆ ನಂಬಬೇಕಲ್ಲ!

"ಆತ್ ಬಿಡ್ರಿ. ನೀವು ಮೊಸರ ಕೇಳಾಕ ಬಂದಾಗ ನಾ ಎಂದೂ ಹಿಂಗ ಅಂದಿಲ್ಲ" ಎಂದು ಮೂತಿ ತಿರುವಿ ಹೋದಳು.

ಅಂದಿನಿಂದ ಮಾತು ಬಂದ್, ಮೊಸರೂ ಬಂದ್. ಬೇಸತ್ತು ಒಂದು ದಿನ ಬಾಯಿಗೆ ಬಂದ ನಾಲ್ಕು ಅಂಕಿಯನ್ನೇ ಪಾಸ್‌ವರ್ಡ್ ಎಂದು ಹೇಳಿ ಕಳಿಸಿದೆ. ಮರುದಿನ ಮೊಸರು ಹಿಡಿದುಕೊಂಡೇ ಬಂದಳು.

"ನಿಮ್ಮ ನೆಟ್ ಭಾಳ ಸ್ಲೋ ಐತಿ ನೋಡ್ರಿ. ನಿನ್ನಿಯಿಂದ ತಿರಗಾಕತ್ತೈತಿ."

ಕರೆಂಟು

ಹಳೇ ಫೋನು ಕರೆಂಟು ಹೋದರೂ ನಡೆಯುತ್ತಿತ್ತು. ಹೊಸದು ಕರೆಂಟಿನ ಜತೆ ತಾನೂ ಹೋಗುತ್ತದೆ. ನಮ್ಮಲ್ಲಿ ಕರೆಂಟು ಹೋಗಲು ಗಾಳಿ ಬೀಸಬೇಕೆಂದಿಲ್ಲ, ಯಾರಾದರೂ ಗಾಳಿಯ ಮಾತೆತ್ತಿದರೂ ಸಾಕು. ಒಮ್ಮೆ ಹೋದದ್ದು ಬರಲೇ ಇಲ್ಲ, ಮೊಬೈಲಿನ ಚಾರ್ಜೂ ಮುಗಿಯಿತು. ಕರೆಂಟಿನವರ ಹತ್ತಿರ ನಡೆದೇ ಹೋದೆ.

"ಇಷ್ಟಕ್ಕ ನಡಕೋತ ಯಾಕ ಬಂದ್ರಿ? ಫೋನ್ ಮಾಡಬೇಕಿಲ್ರಿ?"

"ಕರೆಂಟ್ ಇಲ್ದ ಫೋನ್ ನಡಿಯಂಗಿಲ್ರಿ."

"ಹಂಗಾರ ಕರೆಂಟ್ ಬಂದ ಮ್ಯಾಲ ಫೋನ್ ಮಾಡ್ರಿ. ರಿಪೇರಿಗೆ ಮಂದಿ ಕಳಸ್ತೀವಿ."

ಎತ್ತುವವರಿಲ್ಲ

ಕರೆಂಟೇನೋ ಬಂತು, ಫೋನು ಬರಲಿಲ್ಲ. ಗಿರಾಕಿಗಳು ಬೇರೆ ರೊಟ್ಟಿಯವರನ್ನು ಹುಡುಕಿಕೊಂಡರೆ ನನ್ನ ಗತಿ ಏನು ಎಂದು ನಿಜಕ್ಕೂ ಹೆದರಿದೆ. ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಮೊಬೈಲಿನಿಂದ ಕಂಪನಿಗೆ ದೂರು ಕೊಟ್ಟೆ. ದೂರು ಬಗೆಹರಿದಿದೆ ಎಂದು ಮೆಸೇಜು ಬಂತು. ಫೋನು ಮಾತ್ರ ಸತ್ತೇ ಇತ್ತು. ಸಿಟ್ಟಿನಿಂದ ಬಸ್ ಹತ್ತಿ ಹಳಿಯಾಳದ ಅವರ ಆಫೀಸಿಗೇ ಹೋದೆ.

ಸಾಹೇಬರು ಕಂಪ್ಯೂಟರ್ ನೋಡಿ ಹೇಳಿದರು: "ನಿಮ್ಮ ಫೋನ್ ಖರೇನ ಕೆಟ್ಟೈತೇನು ನೋಡಾಕ ಅದೇ ನಂಬರಿಗೆ ಹಚ್ಚಿದ್ವಿ. ಯಾರೂ ಎತ್ತಲಿಲ್ಲ. ಮನ್ಯಾಗ ಯಾರೂ ಇಲ್ಲಂತ ದೂರು ಮುಗಿಸೀವಿ."

"ಕೆಟ್ಟ ಫೋನ್ ಹೆಂಗ ಎತ್ತಲಿರಿ?"

"ಇನ್ನೊಮ್ಮೆ ಹಚ್ಚತೀವಿ. ಆಗೂ ಎತ್ತಲಿಲ್ಲಂದ್ರ ನಂಬರ್ ರದ್ದು ಆಗ್ತೈತಿ" ಎಂದು ನನ್ನೆದುರಿಗೇ ಮೊಬೈಲಿನಲ್ಲಿ ನನ್ನ ನಂಬರ್ ಒತ್ತಿದರು. "ನೋಡ್ರಿ, ಈಗೂ ಯಾರೂ ಎತ್ತವಲ್ರು."

"ನಾ ಇಲ್ಲೇ ನಿಮ್ಮ ಮುಂದ ಕುಂತೇನಲ್ರೀ!"

"ಅದನ್ನ ನಾನೂ ಹೇಳಾಕತ್ತೇನಿ. ಮನೀಗೆ ಹೋಗಿ ಎತ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಜಿನ ಮೇಲಿದ್ದ ಫೋನ್ ತೋರಿಸಿ, "ನಿಮ್ಮ ಮ್ಯಾಲಿನವರಿಗೆ ಹಚ್ಚಿಕೊಡ್ರಿ, ನಾನ ಮಾತಾಡ್ತೇನಿ" ಎಂದೆ.

ಸಾಹೇಬರ ದನಿ ಇಳಿಯಿತು. "ಅದು ಕೆಟ್ಟೈತ್ರಿ."

"ಮತ್ತ ನೀವು ದೂರು ಕೊಟ್ಟಿಲ್ಲೇನು?"

"ಕೊಟ್ಟಿದ್ವಿ. ಆಫೀಸಿನ್ಯಾಗ ಯಾರೂ ಇರಂಗಿಲ್ಲಂತ ಹೋದ ವಾರ ನಮ್ಮ ನಂಬರ್ ರದ್ದು ಮಾಡಿಬಿಟ್ರು."