ಹಜಮ್ ಆಗದ ಗುಳಿಗೆ

ನಿಜಾಮನ ಆಳ್ವಿಕೆಯ ಕೊನೆಯ ದಿನಗಳಲ್ಲಿ ಬಡವರ ಪರವಾಗಿ ಜಗಳ ಮಾಡುವುದೇ ನನ್ನ ಕೆಲಸ. ಜಗಳಗಂಟ ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನೇ ಮನೆ ಕೇಳಿಕೊಂಡು ಬರುತ್ತದೆ. ಗೋಗಿ ಊರಿನ ನಮ್ಮ ಕಾಕಾನಿಗೆ ಚಳಿಜ್ವರ ಬಂದಾಗಲಂತೂ ಸಾಲುಗಟ್ಟಿ ಬಂತು.

ಹಜಾಮ

ಜ್ವರದ ಜೊತೆ ಭೇದಿಯೂ ಹತ್ತಿತ್ತು. ಕಾಕಿ ಶಹಾಪುರದ ದವಾಖಾನೆಯಿಂದ ಕ್ವಿನೈನ್ ಗುಳಿಗೆ ತಂದು ನುಂಗಿಸಿದಳು. ಜ್ವರ ಇಳಿಯಲಿಲ್ಲ. ಮತ್ತೆ ಹೋಗಿ ಕೇಳಿದಳು. ಡಾಕ್ಟರ್ ಸಾಹೇಬರದು ಅರ್ಧ ಉರ್ದು, ಅರ್ಧ ಕನ್ನಡ. "ಹಜಮ್ ಇಲ್ಲಮ್ಮಾ, ಹಜಮ್ ಬೇಕು" ಅಂದರು. ಅರಗಬೇಕು ಅಂತ ಅದರ ಅರ್ಥ. ಕಾಕಿ ಊರಿಗೆ ಬಂದವಳೇ ಹಜಾಮನನ್ನು ಕರೆಸಿದಳು.

ಕಾಕಾ ಕೌದಿಯೊಳಗಿಂದ ಇಣುಕಿದ. ಹೊಸ್ತಿಲಲ್ಲಿ ಹಜಾಮ ಕತ್ತಿ ಮಸೆಯುತ್ತಿದ್ದ. ಸಾವಾದ ಮನೆಗೆ ತಲೆ ಬೋಳಿಸಲು ಅವನು ಬರುವುದೇ ಹಾಗೆ.

"ಲೇ, ತಡಿಯೋ! ನಾ ಇನ್ನಾ ಸತ್ತಿಲ್ಲ!"

"ಅವಸರೇನಿಲ್ಲ ಯಜಮಾನ್ರ, ಕುಂತಿರ್ತೇನಿ."

ಮೇಲ್ ಗಾಡಿ

ಮುಂದಿನ ಸಲ ನಾನೂ ಹೋದೆ. ಡಾಕ್ಟರು ಬಿಡಿಸಿ ಹೇಳಿದರು: "ಗುಳಿಗಿ ಕರುಳಿನಾಗ ನಿಲ್ಲಬೇಕು, ಕರಗಬೇಕು, ರಕ್ತಕ್ಕ ಸೇರಬೇಕು. ಭೇದಿ ಹತ್ತಿದ ಕರುಳು ಮೇಲ್ ಗಾಡಿ ಇದ್ದಂಗ. ಠೇಸನ್‌ದಾಗ ನಿಲ್ಲೂದೇ ಇಲ್ಲ."

ನುಂಗಿದ್ದೆಲ್ಲ ಮೈಗೆ ಹತ್ತುತ್ತದೆ ಅಂತ ತಿಳಿದಿದ್ದ ನಾನು ಬಾಯಿ ತೆರೆದುಕೊಂಡು ಕೇಳುತ್ತಿದ್ದೆ. ಕಾಕಿ ಮಾತ್ರ ಒಪ್ಪಲಿಲ್ಲ.

"ಯಾದಗಿರ್ಯಾಗ ನಿಲ್ತದಲ್ರಿ ಮೇಲು?"

ಮಣ್ಣು

ಅಷ್ಟು ಹೇಳಿದ ಮನುಷ್ಯ ಮತ್ತೆ ಅದೇ ಗುಳಿಗೆ ಕೊಟ್ಟು ಕಳಿಸಿದ. ಕಾಕಾ ಮಾತು ಬಿಟ್ಟ. ಇನ್ನು ಉಳಿಯುವುದಿಲ್ಲ ಅಂದರು ನೆರೆಯವರು. ಕಾಕಿ ಔಡಲ ಎಲೆಯಲ್ಲಿ ಒಂದು ಗುಳಿಗೆ ಸುತ್ತಿ ತಂದು, "ಕರಗೂದೇ ಇಲ್ಲ ತಮ್ಮಾ, ನೋಡು" ಅಂದಳು. ನನ್ನ ನೆತ್ತಿಗೆ ಬೆಂಕಿ ಹತ್ತಿತು. ಅವಳನ್ನು ಕರೆದುಕೊಂಡು ದವಾಖಾನೆಗೆ ನುಗ್ಗಿದೆ.

"ಸರಕಾರದವ್ರು ಲೇವಿ ಅಂತ ನಮ್ಮ ಜೋಳಾ ಒಯ್ತೀರಿ, ದವಾ ಅಂತ ಮಣ್ಣು ಕೊಡ್ತೀರಿ!"

"ಮಣ್ಣೋ ದವಾನೋ, ಕಡದು ನೋಡ್ರಿ" ಅಂದರು ಡಾಕ್ಟರು.

ಎಲ್ಲರೂ ನೋಡಲಿ ಅಂತ ಎಲೆಯಲ್ಲಿದ್ದ ಗುಳಿಗೆಯನ್ನು ಕಟಕ್ಕನೆ ಕಡಿದೆ. ಕಹಿ ಮಿದುಳಿಗೆ ಹತ್ತಿತು. ದವಾನೇ! ಸುಳ್ಳು ಹೇಳುವುದು ನನಗೆ ಬಾರದು, ಒಪ್ಪಿಕೊಂಡೆ. "ಮತ್ತ್ಯಾಕ ಜ್ವರ ಇಳೀವಲ್ದು?"

ಕಾಕಿ ಅಂದಳು: "ಹೋದದ್ದು ಹೋದಂಗ ಹೊರಗ ಬಂದ್ರ ಹ್ಯಾಂಗ ಇಳೀತದ?"

ಡಾಕ್ಟರು ಎದ್ದು ನಿಂತರು. "ಇಡೀ ಗುಳಿಗಿ ಹೊರಗ ಬಂತೇನು? ಎಲ್ಲದ, ತೋರ್ಸು!"

ಕಾಕಿ ನನ್ನ ಬಾಯಿ ತೋರಿಸಿದಳು.

ನಕ್ಕು ಸುಸ್ತಾದ ಮೇಲೆ ಡಾಕ್ಟರು ಕ್ವಿನೈನನ್ನು ನೀರಿನಲ್ಲಿ ಕರಗಿಸಿ ಸೀಸೆ ತುಂಬಿ ಕೊಟ್ಟರು. ಅದು ಮೈಗೆ ಹತ್ತಿತು. ಕಾಕಾ ಬೆವೆತ, ಎದ್ದು ಕುಂತು ಅಂಬಲಿ ಕೇಳಿದ. ಆ ಸುದ್ದಿ ಹೇಳಲು ಕಾಕಿ ಓಡಿ ಬಂದಾಗ ನಾನಿನ್ನೂ ಬಾವಿಕಟ್ಟೆಯ ಮೇಲೆ ಬಾಯಿ ಮುಕ್ಕಳಿಸುತ್ತಿದ್ದೆ.

"ನಿಮ್ಮ ಕಾಕಾಗ ಜ್ವರ ಇಳೀತು ತಮ್ಮಾ. ನಿನಗಂತೂ ಇನ್ನ ಬರೂದೇ ಇಲ್ಲ ಬಿಡು."